ಮನೆಗಾಡಿಯ ಅಟ್ಟ ಮತ್ತು ಸಿದ್ದಿ ಅತ್ತೆಯ ತವರು

ನಮ್ಮ ಕಡೆ ಪಿಕಪ್ ಗಾಡಿಯೊಂದು ಹಿಂದೆ ಕುಸಿದು, ಮೂತಿ ಮೇಲೆತ್ತಿಕೊಂಡು ಬಂದರೆ ಯಾರೂ ಗಾಬರಿಯಾಗುವುದಿಲ್ಲ. ಟೀ ಅಂಗಡಿ ಮುಂದೆ ಕೂತವರು, ‘ಒಳ್ಳೆ ಲೋಡ್ ಸಿಕ್ಕದೆ ಕಣ್ಲಾ ಇವ್ನಿಗೆ’ ಎಂದು ಹೊಟ್ಟೆಕಿಚ್ಚು ಪಡುತ್ತಾರೆ. ಡ್ರೈವರ್ ಕೂಡ ಮೀಸೆ ತಿರುವುತ್ತಾನೆ. ಹಿಂದೆ ಕೂತ ಗಾಡಿ ನಮಗೆ ಸಂಪಾದನೆಯ ಗುರುತು. ಅದು ಅಪಾಯದ ಗುರುತು ಅನ್ನುವುದು ನನ್ನ ತಲೆಗೆ ಹೋಗಲು ಹದಿನೆಂಟು ವರ್ಷ ಸ್ಟೇರಿಂಗ್ ಹಿಡಿದ ಮೇಲೆ ಒಂದು ಪೆಟ್ಟು ತಿನ್ನಬೇಕಾಯಿತು.

ನಾನು ಕಾಮಗೆರೆಯ ಮಾದು. ನನ್ನದು ಡಬಲ್ ಕ್ಯಾಬಿನ್ ಪಿಕಪ್. ಮುಂದೆ ಎರಡು ಸಾಲು ಸೀಟು, ಹಿಂದೆ ಸಾಮಾನು ತುಂಬುವ ತೊಟ್ಟಿ. ಹನೂರಿನ ಕಡೆಯಿಂದ ಟೊಮೆಟೊ, ಅರಿಶಿನ, ರೇಷ್ಮೆಗೂಡು ಎಲ್ಲವನ್ನೂ ಕೊಳ್ಳೇಗಾಲಕ್ಕೆ ಹೊಡೆಯುತ್ತೇನೆ. ಕೆಲಸದಲ್ಲಿ ಸೋಮಾರಿಯಲ್ಲ, ಕುಡಿಯುವುದಿಲ್ಲ. ಆದರೆ ಒಂದು ಕೆಟ್ಟ ಗುಣವಿದೆ. ಯಾರಾದರೂ ಗಾಡಿ ವಿಷಯದಲ್ಲಿ ನನಗೆ ಬುದ್ಧಿ ಹೇಳಿದರೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತಪ್ಪು ನಡೆದದ್ದೇ ಈ ಗುಣದಿಂದ.

ನನ್ನ ಅತ್ತೆಯ ಹೆಸರು ಸಿದ್ದಿ. ಹೆಂಡತಿ ಪುಷ್ಪಳ ತಾಯಿ. ರಾಮಾಪುರ ದಾಟಿ ಕಾಡಂಚಿನ ಏರು ಹತ್ತಿದರೆ ಸಿಗುವ ಹಾಲುಗಲ್ಲು ಪೋಡಿನವರು. ಪೋಡು ಅಂದರೆ ನಮ್ಮ ಸೋಲಿಗರ ಊರು, ಇಪ್ಪತ್ತೋ ಇಪ್ಪತ್ತೈದೋ ಮನೆ ಇರುತ್ತದೆ. ಅತ್ತೆ ಹುಟ್ಟಿದ್ದು ಅಲ್ಲೇ, ಮದುವೆಯಾಗಿ ಬಾಳಿದ್ದೂ ಅಲ್ಲೇ. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಯಿತು. ಆಸ್ಪತ್ರೆಗೆಂದು ಕಾಮಗೆರೆಗೆ ಕರೆತಂದೆವು. ಜೀವ ಉಳಿಯಿತು. ಆದರೆ ಅವರು ವಾಪಸ್ ಹೋಗಲಾಗಲಿಲ್ಲ, ನಮ್ಮ ಮನೆಯಲ್ಲೇ ಉಳಿದರು.

ನಾವು ಚೆನ್ನಾಗಿ ನೋಡಿಕೊಳ್ಳಲಿಲ್ಲ ಅಂತಲ್ಲ. ಪುಷ್ಪ ತಾಯಿಯನ್ನು ಅಂಗೈ ಮೇಲೆ ಇಟ್ಟುಕೊಂಡಿದ್ದಳು. ಆದರೂ ಅತ್ತೆಯ ಮನಸ್ಸು ಇಲ್ಲಿ ಇರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮಂಚವನ್ನು ಬಾಗಿಲ ಕಡೆ ತಿರುಗಿಸಲು ಹೇಳುತ್ತಿದ್ದರು. ಮೋಡ ಇಲ್ಲದ ದಿನ ದೂರದಲ್ಲಿ ಬೆಟ್ಟದ ನೀಲಿ ಗೆರೆ ಕಾಣುತ್ತದೆ. ಅದನ್ನು ನೋಡುತ್ತಾ ಮಧ್ಯಾಹ್ನದವರೆಗೆ ಮಲಗಿರುವರು. ಊಟಕ್ಕೆ ಕರೆದರೆ, ‘ಇನ್ನೊಂಚೂರು ತಡೀವ್ವಾ, ಈಗ ತಾನೆ ಕಾಣ್ತಾ ಅದೆ’ ಅನ್ನುವರು.

ಅವರಿಗೆ ಒಬ್ಬ ಅಣ್ಣ, ಬೆಳ್ಳಯ್ಯ. ಆತನೂ ಮುದುಕ, ಪೋಡಿನಲ್ಲೇ ಇದ್ದಾನೆ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದು ಬಂಡೆಯ ಮೇಲೆ ಮಾತ್ರ. ವಾರಕ್ಕೊಮ್ಮೆ ಆ ಮುದುಕ ಬಂಡೆ ಹತ್ತಿ ತಂಗಿಗೆ ಫೋನ್ ಮಾಡುತ್ತಿದ್ದ. ಆರೋಗ್ಯದ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ.

‘ಅಣ್ಣಾ, ಹಳ್ಳದಲ್ಲಿ ನೀರು ಓಡ್ತಾ ಅದಾ?’

‘ಓಡ್ತಾ ಅದೆ.’

‘ನೆಲ್ಲಿ ಕಾಯಿ ಬುಟ್ಟದಾ?’

‘ಈ ವರ್ಸ ಕೊಂಬೆ ಬಗ್ಗಿ ಓಗದೆ.’

‘ನಮ್ಮನೆ ಇಂದ್ಲ ಮತ್ತಿ ಮರ?’

‘ಅದಕ್ಕೇನವ್ವ, ನಿಂತದೆ. ನೀನು ಬಾ.’

ಅಷ್ಟೇ ಮಾತು. ಫೋನ್ ಇಟ್ಟ ಮೇಲೆ ಅತ್ತೆಯ ಮುಖ ಎರಡು ದಿನ ಬೆಳಗುತ್ತಿತ್ತು. ಹೋದ ವರ್ಷದ ಕೊನೆಗೆ ಬೆಳ್ಳಯ್ಯನ ಮಂಡಿ ಹೋಯಿತು. ಬಂಡೆ ಹತ್ತಲಾಗದೆ ಫೋನ್ ನಿಂತಿತು. ರಾಮಾಪುರದ ಸಂತೆಗೆ ಇಳಿದವರು ‘ಚೆನ್ನಾಗವ್ನೆ’ ಎಂದು ಹೇಳಿ ಕಳಿಸುತ್ತಿದ್ದರು. ಅತ್ತೆ ನಂಬುತ್ತಿರಲಿಲ್ಲ. ‘ನಾನು ನೋಡ್ಬೇಕು ಅಳಿಯಾ. ಒಂದ್ಸಲ ನನ್ನ ಕರ್ಕಂಡೋಗು. ಆಮ್ಯಾಕೆ ಏನೂ ಕೇಳಕಿಲ್ಲ’ ಎಂದರು ಒಂದು ದಿನ. ಅವರು ನನ್ನನ್ನು ಯಾವತ್ತೂ ಏನೂ ಕೇಳಿದವರಲ್ಲ. 

ಕರೆದುಕೊಂಡು ಹೋಗುವುದು ಕಷ್ಟವಲ್ಲ, ಅಲ್ಲಿ ಇರಿಸುವುದು ಕಷ್ಟ. ಅವರಿಗೆ ಎತ್ತರದ ಮಂಚ ಬೇಕು, ಕುರ್ಚಿಯಂಥ ಪಾಯಿಖಾನೆ ಬೇಕು. ಪೋಡಿನ ಅವರ ಮನೆಯಲ್ಲಿ ಎರಡೂ ಇಲ್ಲ. ಹೀಗಿರುವಾಗ, ರಸ್ತೆ ಕೆಲಸದ ಕಂಪನಿಯೊಂದು ಕೆಲಸ ಮುಗಿಸಿ ಹೊರಡುತ್ತಾ ತನ್ನ ಮನೆಗಾಡಿಯನ್ನು ಮಾರಲು ಇಟ್ಟಿದೆ ಎಂದು ತಿಳಿಯಿತು. ಎಂಜಿನಿಯರ್‌ಗಳು ಮಲಗಲು ಮಾಡಿಸಿದ್ದು. ಚಕ್ರದ ಮೇಲೆ ಒಂದು ಪುಟ್ಟ ಮನೆ. ಒಳಗೆ ಮಂಚ, ಒಲೆ, ಪಾಯಿಖಾನೆ, ಕಿಟಕಿಗೆ ಜಾಲರಿ. ಕಾಗದಪತ್ರವೂ ಸರಿಯಾಗಿತ್ತು. ತೆಗೆದುಕೊಂಡೆ. ಪೋಡಿನಲ್ಲಿ ಅತ್ತೆಯ ಮನೆ ಪಕ್ಕದಲ್ಲೇ ಇದನ್ನು ನಿಲ್ಲಿಸುವುದು, ಒಂದು ತಿಂಗಳು ಅವರು ಅಲ್ಲಿ ಇರುವುದು. ಅರಣ್ಯ ಇಲಾಖೆಯವರ ಹತ್ತಿರವೂ ಕೇಳಿಕೊಂಡು ಬಂದೆ, ಹೊರಡುವ ದಿನವನ್ನು ಸಂತೆಗೆ ಇಳಿದವರ ಕೈಲಿ ಬೆಳ್ಳಯ್ಯನಿಗೆ ಹೇಳಿ ಕಳಿಸಿದೆ.

ಈ ಮನೆಗಾಡಿಯ ರೂಪ ಸ್ವಲ್ಪ ಬೇರೆ. ಟ್ರ್ಯಾಕ್ಟರ್ ಟ್ರೈಲರಿನಂತೆ ಬಾಲಕ್ಕೆ ಕಟ್ಟುವುದಲ್ಲ. ಇದರ ಮುಂಭಾಗ ಎತ್ತರಕ್ಕೆ ಚಾಚಿಕೊಂಡು ಪಿಕಪ್ಪಿನ ತೊಟ್ಟಿಯ ಮೇಲೆ ಬರುತ್ತದೆ, ತೊಟ್ಟಿಯೊಳಗೆ ಕೂರಿಸಿದ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ. ಒಳಗಿನಿಂದ ನೋಡಿದರೆ ಆ ಚಾಚಿದ ಭಾಗ ಥೇಟ್ ನಮ್ಮ ಮನೆಯ ಅಟ್ಟ. ಕೊಂಡಿಯನ್ನು ನಾನೇ ಬೆಸುಗೆ ಹಾಕಿಸಿದೆ. ತಿರುವಿನಲ್ಲಿ ಮನೆಗಾಡಿಯ ಮೂತಿ ನನ್ನ ಕ್ಯಾಬಿನ್ನಿಗೆ ತಾಗಬಾರದು ಎಂದು ಆದಷ್ಟು ಹಿಂದಕ್ಕೆ, ತೊಟ್ಟಿಯ ಬಾಗಿಲ ಹತ್ತಿರ ಕೂರಿಸಿದೆ. ಬಹಳ ಬುದ್ಧಿವಂತ ಕೆಲಸ ಮಾಡಿದೆ ಎಂದುಕೊಂಡೆ.

ಆಮೇಲೆ ಶುರುವಾಯಿತು ಪುಷ್ಪಳ ಸಡಗರ.

‘ಮೂರು ವರ್ಸ ಆದ್ಮೇಲೆ ಅವ್ವ ಓಯ್ತಾ ಅವ್ಳೆ. ಬರಿಗೈಲಿ ಕಳ್ಸಕಾದದಾ?’ ಎಂದಳು. ಪೋಡಿನ ಪ್ರತಿ ಮನೆಗೂ ರಾಗಿ, ಬೆಲ್ಲ, ಉಪ್ಪು, ಒಣಮೆಣಸಿನಕಾಯಿ. ಬೆಳ್ಳಯ್ಯನಿಗೆ ಕಂಬಳಿ, ಅವನ ಹೆಂಡತಿಗೆ ಸೀರೆ, ತಾಮ್ರದ ಹಂಡೆ. ನಮ್ಮ ಬೀದಿಯವರು ಸುಮ್ಮನಿದ್ದಾರೆಯೇ? ಪಕ್ಕದ ಮನೆಯ ರತ್ನ ಎರಡು ಡಬ್ಬ ಎಣ್ಣೆ ತಂದಳು. ಅತ್ತೆಯದೇ ಒಂದು ಬೀಸುಕಲ್ಲು ನಮ್ಮ ಮನೆಯಲ್ಲಿತ್ತು, ಅದೂ ಹೊರಟಿತು.

ಇಷ್ಟನ್ನೂ ಇಡುವುದೆಲ್ಲಿ? ನಾನು ಒಂದು ಮೂಟೆಯನ್ನು ಮಂಚದ ಕೆಳಗೆ ನೂಕಲು ಹೋದೆ. ಪುಷ್ಪ ಕೈ ಹಿಡಿದುಕೊಂಡಳು.

‘ಅನ್ನ ಕೊಡೋ ರಾಗಿ ಕಣ್ರಿ. ಕಾಲ್ ಕೆಳಕ್ಕೆ ಇಕ್ತಾರಾ? ಮೇಲೆ ಇಡಿ.’

ಅವಳ ಮಾತು ಸರಿಯೆನಿಸಿತು. ನಮ್ಮ ಮನೆಗಳಲ್ಲಿ ಧಾನ್ಯ ಅಟ್ಟದ ಮೇಲೆ ಇರುತ್ತದೆ, ಮಲಗುವವರ ಕಾಲಡಿ ಇರುವುದಿಲ್ಲ. ಗಾಡಿಯಲ್ಲೂ ಅಟ್ಟವಿದೆ. ಏಳು ಮೂಟೆ ರಾಗಿ, ಎಣ್ಣೆ, ಬೆಲ್ಲ, ಹಂಡೆ, ಬೀಸುಕಲ್ಲು ಎಲ್ಲವನ್ನೂ ಅಟ್ಟಕ್ಕೆ ಏರಿಸಿದೆವು. ಮಂಚದ ಕೆಳಗೆ ಚಾಪೆ ಕೂಡ ಇಡಲಿಲ್ಲ.

ಪಿಕಪ್ಪಿಗೆ ಕೊಂಡಿ ಸಿಕ್ಕಿಸಿ ದೂರ ನಿಂತು ನೋಡಿದೆ. ಗಾಡಿ ಹಿಂದೆ ಕುಸಿದು ಕೂತಿತ್ತು. ಹಿಂದಿನ ಚಕ್ರ ಮಡ್‌ಗಾರ್ಡಿನೊಳಕ್ಕೆ ಹೊಕ್ಕಂತಿತ್ತು, ಮುಂದಿನ ದೀಪ ತೆಂಗಿನ ಗರಿ ನೋಡುತ್ತಿತ್ತು. ಇದಕ್ಕೆ ನನಗೆ ಮದ್ದು ಗೊತ್ತಿತ್ತು. ಹಿಂದಿನ ಚಕ್ರದ ಮೇಲೆ ಭಾರ ತಡೆಯಲು ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಅವಕ್ಕೆ ನಾವು ಪಟ್ಟಾ ಎನ್ನುತ್ತೇವೆ. ಗಾಡಿ ಕೂತರೆ ಇನ್ನೆರಡು ಪಟ್ಟಾ ಏರಿಸುವುದು. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಮನೆಗಾಡಿ ಸಮೇತ ಕೊಳ್ಳೇಗಾಲಕ್ಕೆ ಹೋದೆ.

ಕೊಳ್ಳೇಗಾಲದಲ್ಲಿ ಗುರುಬಸಮ್ಮನದು ಪಟ್ಟಾ ಅಂಗಡಿ. ತಂದೆಯ ಕಾಲದ್ದು, ಈಗ ಅವರೇ ನಡೆಸುತ್ತಾರೆ. ಸೀರೆಯ ಮೇಲೆ ಖಾಕಿ ಶರ್ಟು, ಕೈತುಂಬ ಗ್ರೀಸು. ಗಾಡಿಯ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಾರೆ. ಅವರಿಗೆ ನನ್ನ ಪರಿಚಯ ಚೆನ್ನಾಗಿತ್ತು, ನನ್ನ ಗುಣದ ಪರಿಚಯ ಇನ್ನೂ ಚೆನ್ನಾಗಿತ್ತು.

‘ಅಕ್ಕಾ, ಇಂದ್ಗಡೆ ಎರಡೆರಡು ಪಟ್ಟಾ ಏರ್ಸ್ಬುಡಿ. ನಾಳೆ ಒರಡ್ಬೇಕು’ ಎಂದೆ.

ಗುರುಬಸಮ್ಮ ಗಾಡಿಯನ್ನು ಒಂದು ಸುತ್ತು ಹಾಕಿದರು. ‘ಒಳಗೇನ್ ತುಂಬೀಯೆ?’

‘ಮನೆ ಸಾಮಾನು.’

‘ಎಲ್ಲಿ ಇಟ್ಟೀಯೆ?’

‘ಅಟ್ಟದ ಮೇಲೆ. ಇನ್ನೆಲ್ಲಿ ಇಡಾನ?’

ಅವರು ಜೋರಾಗಿ ನಕ್ಕರು. ನನಗೆ ಅಲ್ಲೇ ಉರಿ ಹತ್ತಿತು. ನಗು ಮುಗಿದ ಮೇಲೆ ಹಿಂದಿನ ಚಕ್ರದ ಹತ್ತಿರ ಕೂತು, ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವಿನ ಸಂದಿಯಲ್ಲಿ ಕೈಯಿಟ್ಟರು.

‘ನಾಲ್ಕು ಬೆರಳು ಅದೆ. ಖಾಲಿ ಗಾಡೀಲಿ ಎಷ್ಟಿತ್ತು?’

‘ಅದ್ಯಾರ್ ನೋಡವ್ರೆ?’

‘ಗಾಡಿ ಯಾರ್ದೋ ಅವ್ರು ನೋಡ್ಬೇಕು ಕಣ್ಲಾ. ಕೊಂಡಿ ಬಿಚ್ಚು.’

ಬಿಚ್ಚಿದೆ. ಸಂದಿ ಒಂದು ಗೇಣಿಗಿಂತ ಹೆಚ್ಚಾಯಿತು. ಮುಂದಿನ ಚಕ್ರದ ಸಂದಿಯನ್ನೂ ಕೊಂಡಿ ಬಿಚ್ಚಿ ಒಮ್ಮೆ, ಮತ್ತೆ ಹಾಕಿಸಿ ಒಮ್ಮೆ ಅಳೆದರು. ಕೊಂಡಿ ಹಾಕಿದಾಗ ಮುಂದುಗಡೆ ಗಾಡಿ ಮೂರು ಬೆರಳು ಮೇಲೆದ್ದಿತ್ತು.

‘ಇಂದೆ ಒಂಚೂರು ಇಳಿಯೋದು ಸರಿ. ಭಾರ ಬಿದ್ಮೇಲೆ ಇಳಿದೇ ಇರ್ತದಾ? ಆದ್ರೆ ಮುಂದೆ ಇಷ್ಟೊಂದು ಏಳಬಾರ್ದು. ಎತ್ತಿನ ಗಾಡಿ ಓಡ್ಸಿದ್ದೀಯಾ ಮಾದು?’

‘ಓಡ್ಸದೆ ಏನು.’

‘ಇಂದಕ್ಕೆ ಭಾರ ಜಾಸ್ತಿ ಆದ್ರೆ ಏನಾಯ್ತದೆ?’

‘ನೊಗ ಮೇಲೇಳ್ತದೆ.’

‘ಎತ್ತು ಏನ್ ಮಾಡ್ತದೆ?’

‘ಕಾಲೂರಕಾಯ್ತದಾ? ಒದ್ದಾಡ್ತದೆ.’

‘ನಿನ್ನ ಗಾಡೀಲೂ ಅದೇಯ. ಇಂದ್ಲ ಚಕ್ರ ಗಾಡಿ ಅಚ್ಚು. ಮುಂದ್ಲ ಚಕ್ರ ನಿನ್ನ ಎತ್ತು. ತಿರುಗ್ಸೋದೂ ಅದೇ, ಬ್ರೇಕ್ ಇಡಿದಾಗ ಜಾಸ್ತಿ ತಡಿಯೋದೂ ಅದೇ. ನೀನು ಕೊಂಡೀನ ಅಚ್ಚಿನಿಂದ ಇಂದಕ್ಕೆ ಇಕ್ಕೀಯೆ. ಅದ್ರ ಮೇಲೆ ಬರೋ ಅಟ್ಟಕ್ಕೆ ಮನೆಯೆಲ್ಲಾ ತುಂಬೀಯೆ. ಎತ್ತಿನ ಕಾಲು ನೆಲದ ಮೇಲೆ ಎಂಗೆ ನಿಂತಾದು?’

‘ಅದ್ಕೇ ಅಲ್ವಾ ಪಟ್ಟಾ ಏರ್ಸಿ ಅಂದಿದ್ದು?’

‘ಪಟ್ಟಾ ಏರ್ಸಿದ್ರೆ ಗಾಡಿ ಎದ್ದಂಗೆ ಕಾಣ್ತದೆ. ಭಾರ ಎಲ್ಲಿಗೋಯ್ತು? ಟೈರು ಅದೇ, ಬೇರಿಂಗು ಅದೇ, ಬ್ರೇಕು ಅದೇ. ಕಣ್ಣಿಗೆ ಮಣ್ಣೆರಚೋ ಕೆಲ್ಸ ನಾನು ಮಾಡಕಿಲ್ಲ. ಎರಡು ದಿನ ಬುಡು. ಕೊಂಡಿ ಮುಂದಕ್ಕೆ ಇಕ್ಕಾನ. ಅಟ್ಟ ಇಳ್ಸಾನ. ತೂಕ ಹಾಕ್ಸಾನ.’

ಎರಡು ದಿನ. ಅತ್ತೆಗೆ ನಾಳೆ ಎಂದು ಹೇಳಿಬಿಟ್ಟಿದ್ದೆ. ಅವರು ಬೆಳಿಗ್ಗೆಯೇ ತಲೆಗೆ ಎಣ್ಣೆ ಹಾಕಿಸಿಕೊಂಡು, ಹೊಸ ಸೀರೆಯನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದರು. ಇನ್ನೆರಡು ದಿನ ಎಂದು ಯಾವ ಬಾಯಲ್ಲಿ ಹೇಳಲಿ? ಅದರ ಮೇಲೆ ನನ್ನ ಹಾಳು ಸಿಟ್ಟು.

‘ಅದಿನೆಂಟು ವರ್ಸದಿಂದ ಗಾಡಿ ಓಡಿಸ್ತಾ ಇವ್ನಿ ಅಕ್ಕ. ನನಗೆ ಎತ್ತಿನ ಗಾಡಿ ಪಾಠ ಬ್ಯಾಡ.’

‘ಓಡ್ಸೀಯೆ. ಇಂಥಾ ಮನೆ ಎಳ್ಕಂಡು, ಆ ಏರು ಎಷ್ಟ್ ಸಲ ಅತ್ತೀಯೆ?’

  ಬಾಗಿಲು ದಢಾರೆಂದು ಹಾಕಿಕೊಂಡು ಹೊರಟುಬಂದೆ.

ಮಾರನೆಯ ದಿನ ಬೆಳಿಗ್ಗೆ ಹೊರಟೆವು. ಅತ್ತೆಯನ್ನು ಪಿಕಪ್ಪಿನ ಹಿಂದಿನ ಸಾಲಿನ ಸೀಟಿನಲ್ಲಿ ದಿಂಬು ಒತ್ತಿ ಕೂರಿಸಿ ಬೆಲ್ಟ್ ಹಾಕಿದೆವು. ಪುಷ್ಪ ಪಕ್ಕದಲ್ಲಿ. ಮನೆಗಾಡಿಯಲ್ಲಿ ಯಾರನ್ನೂ ಕೂರಿಸಲಿಲ್ಲ. ಅವತ್ತು ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಹನೂರಿನವರೆಗೆ ಏನೂ ಆಗಲಿಲ್ಲ. ಸ್ಟೇರಿಂಗ್ ಮಾತ್ರ ಬೆಣ್ಣೆಯಂತೆ ತಿರುಗುತ್ತಿತ್ತು. ಬೆಳಗಿನ ಮಬ್ಬಿನಲ್ಲಿ ನನ್ನ ದೀಪ ಕಣ್ಣಿಗೆ ಹೊಡೆದು, ಎದುರಿಗೆ ಬಂದವರು ದೀಪ ಮಿನುಗಿಸಿ ಬೈದು ಹೋಗುತ್ತಿದ್ದರು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಅತ್ತೆ ಕಿಟಕಿಯಿಂದ ಕಣ್ಣು ಕೀಳಲಿಲ್ಲ. ನೀಲಿ ಗೆರೆ ಬೆಟ್ಟವಾಯಿತು, ಬೆಟ್ಟದಲ್ಲಿ ಮರ ಕಾಣತೊಡಗಿತು. ರಾಮಾಪುರ ದಾಟಿದ ಮೇಲೆ ಅವರು ಮಾತಾಡಲು ಶುರುಮಾಡಿದರು. ಮೂರು ವರ್ಷದಲ್ಲಿ ಅಷ್ಟು ಮಾತು ನಾನು ಕೇಳಿರಲಿಲ್ಲ. ಈ ಹಾದಿಯಲ್ಲೇ ಅವರು ಜೇನು, ನೆಲ್ಲಿಕಾಯಿ ಹೊತ್ತು ಇಳಿಯುತ್ತಿದ್ದರಂತೆ. ಅಣ್ಣ ಮುಂದೆ, ತಾನು ಹಿಂದೆ. ಅವನು ಹಾಡು ಹೇಳಿದರೆ ತಾನು ಸೊಲ್ಲು ಕೊಡುವುದಂತೆ.

ಏರು ಶುರುವಾಗುವ ಮೊದಲು ರಸ್ತೆ ಸ್ವಲ್ಪ ಇಳಿದು ಎಡಕ್ಕೆ ತಿರುಗುತ್ತದೆ. ಅಲ್ಲಿ ರಸ್ತೆಯ ಮೇಲೆ ಮರಳು ಹರಡಿತ್ತು. ಬ್ರೇಕ್ ತುಳಿದೆ, ಸ್ಟೇರಿಂಗ್ ತಿರುಗಿಸಿದೆ. ಚಕ್ರ ತಿರುಗಿತು. ಗಾಡಿ ತಿರುಗಲಿಲ್ಲ. ಹಿಂದಿನಿಂದ ಮನೆಗಾಡಿ ನೂಕುತ್ತಿತ್ತು, ಮುಂದಿನ ಚಕ್ರಗಳು ಮರಳಿನ ಮೇಲೆ ಜಾರುತ್ತಾ ನೇರ ಹೊಲದ ಕಡೆ ಹೋದವು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಪುಷ್ಪ ತಾಯಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡದ್ದು ಕನ್ನಡಿಯಲ್ಲಿ ಕಂಡಿತು. ಗಾಡಿ ಚರಂಡಿ ದಾಟಿ, ರಾಗಿ ಹೊಲದ ಬದುವಿಗೆ ಹೊಡೆದು ನಿಂತಿತು. ಬದುವಿನ ಆಚೆ ಒಂದಾಳುದ್ದದ ತಗ್ಗು.

ಯಾರಿಗೂ ಪೆಟ್ಟಾಗಲಿಲ್ಲ.  ಧೂಳು ಕೂತ ಮೇಲೆ ಅತ್ತೆ ನಿಧಾನವಾಗಿ ಕೇಳಿದರು, ‘ಬಂದ್ವಾ ಅಳಿಯಾ?’

ಅವರಿಗೆ ಏನಾಯಿತೆಂದು ಗೊತ್ತಾಗಿರಲಿಲ್ಲ. ಗಾಡಿ ನಿಂತಿದೆ, ಸುತ್ತ ಗಿಡಮರ ಇದೆ, ಪೋಡು ಬಂತು ಎಂದುಕೊಂಡಿದ್ದರು.

‘ಇಲ್ಲ ಅತ್ತೆ’ ಎಂದೆ.  ಸ್ಟೇರಿಂಗಿಗೆ ಹಣೆ ಇಟ್ಟುಕೊಂಡು ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಹೊಲದ ಯಜಮಾನ ಗುರುಪಾದಸ್ವಾಮಿ ಟ್ರ್ಯಾಕ್ಟರ್ ತಂದು ಎಳೆಸಿಕೊಟ್ಟರು. ಅವರದೇ ಕೊಟ್ಟಿಗೆಯಲ್ಲಿ ಅಟ್ಟದ ಸಾಮಾನೆಲ್ಲ ಇಳಿಸಿದೆವು. ಅಷ್ಟರಲ್ಲಿ ಅತ್ತೆಗೆ ಎಲ್ಲ ಅರ್ಥವಾಗಿತ್ತು. ಬೆಟ್ಟ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿತ್ತು. ಗಾಡಿ ಹಿಂದಕ್ಕೆ ತಿರುಗಿದಾಗ ಅವರು ಕತ್ತು ಹೊರಳಿಸಿ ಹಿಂದಿನ ಗಾಜಿನಲ್ಲಿ ನೋಡಲು ಪ್ರಯತ್ನಿಸಿದರು. ಹಿಂದೆ ಮನೆಗಾಡಿ ಅಡ್ಡವಿತ್ತು. ಏನೂ ಕಾಣಲಿಲ್ಲ. ನೇರ ಕೊಳ್ಳೇಗಾಲಕ್ಕೆ ಹೋದೆವು.

ಗುರುಬಸಮ್ಮ ನನ್ನ ಮುಖ ನೋಡಿ, ಬಂಪರ್ ನೋಡಿ, ಎಲ್ಲ ತಿಳಿದುಕೊಂಡರು. ಈಗ ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ಅವರು ಮಾತ್ರ ‘ಅಮ್ಮ ಎಂಗವ್ರೆ?’ ಎಂದು ಕೇಳಿ, ಅತ್ತೆಗೆ ನೀರು ಕೊಟ್ಟು, ಆಮೇಲೆ ಗಾಡಿ ಕೆಳಗೆ ನುಸುಳಿದರು.

ಬಲಗಡೆಯ ಒಂದು ಪಟ್ಟಾ ಸೀಳಿತ್ತು. ಅದನ್ನು ಬದಲಾಯಿಸಿದರು. ಹೆಚ್ಚುವರಿ ಒಂದನ್ನೂ ಹಾಕಲಿಲ್ಲ. ಕೊಂಡಿಯನ್ನು ಕಿತ್ತು ಹಿಂದಿನ ಅಚ್ಚಿನ ನೇರಕ್ಕಿಂತ ಒಂದು ಬೆರಳು ಮುಂದಕ್ಕೆ, ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿಗೆ ಬೋಲ್ಟ್ ಹಾಕಿ ಕೂರಿಸಿದರು. ‘ಕ್ಯಾಬಿನ್ನಿಗೆ ತಾಗ್ತದೆ ಅಂತ ಎದ್ರಿಕೆಯಾದ್ರೆ ತಿರುವನ್ನ ಅಗಲವಾಗಿ ತಕೋ. ಎದ್ರಿಕೊಂಡು ಕೊಂಡೀನ ಇಂದಕ್ಕೆ ಇಕ್ಬ್ಯಾಡ’ ಎಂದರು. ಗಾಡಿಯ ಬಾಗಿಲ ಹತ್ತಿರ ಒಂದು ಸಣ್ಣ ತಗಡಿನ ಪಟ್ಟಿ ಇರುತ್ತದೆ. ಹಿಂದಿನ ಅಚ್ಚಿಗೆ ಎಷ್ಟು ಭಾರ ಬೀಳಬಹುದು ಎಂದು ಕಂಪನಿಯವರು ಅದರಲ್ಲಿ ಬರೆದಿರುತ್ತಾರೆ. ಹದಿನೆಂಟು ವರ್ಷದಲ್ಲಿ ನಾನು ಅದನ್ನು ಓದಿರಲಿಲ್ಲ. ಗುರುಬಸಮ್ಮ ಒರೆಸಿ ಓದಿಸಿದರು.

‘ಈಗ ಸಾಮಾನು’ ಎಂದರು. ‘ಅಟ್ಟದ ಮೇಲೆ ಬಟ್ಟೆ, ಕಂಬಳಿ, ಅಗುರವಾದ್ದು ಮಾತ್ರ. ತೂಕದ್ದೆಲ್ಲಾ ಕೆಳಗೆ, ಮನೆಗಾಡಿ ಚಕ್ರದ ನೇರಕ್ಕೆ.’

‘ಅಲ್ಲಿ ಅವ್ವನ ಮಂಚ ಅದೆ’ ಎಂದಳು ಪುಷ್ಪ.

‘ಮಂಚದ ಕೆಳಗೆ ಇಡು.’

‘ರಾಗೀನ? ಕಾಲ್ ಕೆಳಗಾ?’ ಪುಷ್ಪ ಒಪ್ಪಲಿಲ್ಲ. ‘ನಮ್ಮಲ್ಲಿ ಅಂಗೆ ಮಾಡಕಿಲ್ಲಕ್ಕ. ಅನ್ನಕ್ಕೆ ಅವಮಾನ.’

‘ಗಾಡಿ ಓಡುವಾಗ ಮಂಚದ ಮೇಲೆ ಯಾರೂ ಇರಂಗಿಲ್ಲ. ಇರ್ಲೂಬಾರ್ದು. ಅಲ್ಲಿಗೆ ಓದ್ಮೇಲೆ ಮೊದ್ಲು ರಾಗಿ ಇಳ್ಸಿ, ಕೈಮುಗಿದು, ಆಮೇಲೆ ಅಮ್ಮನ್ನ ಮಲಗ್ಸು. ಕಾಲೇ ಇಲ್ದಿರೋ ಕಡೆ ಕಾಲ್ ಕೆಳಗೆ ಅನ್ನೋದೇನ್ ಬಂತು?’

ಪುಷ್ಪ ಯೋಚಿಸುತ್ತಾ ನಿಂತಳು. ಗುರುಬಸಮ್ಮ ಮಾತು ಮುಗಿಸಿರಲಿಲ್ಲ. ‘ಆದ್ರೂ ಏಳು ಮೂಟೆ ಜಾಸ್ತಿ ಆಯ್ತದೆ. ಕೊಂಡಿ ಮೇಲೆ ಭಾರ ಬೀಳ್ದಿದ್ರೂ ಬ್ರೇಕಿಗೆ ಬೀಳ್ತದೆ. ಅರ್ಧಕ್ಕರ್ಧ ಬುಡ್ಬೇಕು.’

‘ಯಾರ್ ಮನೇದು ಬುಡದಕ್ಕ? ಒಬ್ರಿಗೆ ಕೊಟ್ಟು ಒಬ್ರಿಗೆ ಬುಟ್ರೆ ಏನಂದಾರು?’

ಆಗ ಪಿಕಪ್ಪಿನ ಒಳಗಿನಿಂದ ಅತ್ತೆಯ ದನಿ ಬಂತು. ಬಾಗಿಲು ತೆರೆದೇ ಇತ್ತು, ಅವರು ಎಲ್ಲ ಕೇಳಿಸಿಕೊಂಡಿದ್ದರು.

‘ಪುಷ್ಪಾ, ಯಾವ್ದೂ ಬ್ಯಾಡ. ನನ್ನಣ್ಣ ಮೂರು ವರ್ಸದಿಂದ ನನ್ನ ಕಾಯ್ತಾ ಅವ್ನೆ. ರಾಗೀನ ಕಾಯ್ತಾ ಇಲ್ಲ. ಆ ಮೂಟೆಗೋಸ್ಕರ ನಾನು ಇವತ್ತು ಅರ್ಧ ದಾರೀಲಿ ತಿರುಗ್ಕಂಡು ಬಂದೆ. ಇನ್ನೊಂದ್ಸಲ ತಿರುಗ್ಕಂಡು ಬರಕೆ ನನ್ನತ್ರ ದಿನ ಇಲ್ಲ ಮಗಾ.’

ಪುಷ್ಪ ಸೆರಗು ಬಾಯಿಗೆ ಒತ್ತಿಕೊಂಡಳು. ಗುರುಬಸಮ್ಮ ಆ ಕಡೆ ತಿರುಗಿ ಸ್ಪ್ಯಾನರ್ ಒರೆಸತೊಡಗಿದರು.  

ಮೂರನೆಯ ದಿನ ಮತ್ತೆ ಹೊರಟೆವು. ಕೊನೆಗೆ ಅತ್ತೆಯನ್ನು ಒಪ್ಪಿಸಿ ಪುಷ್ಪ ಮನೆಯಿಂದ ಬೇರೆ ಎರಡು ಮೂಟೆ ರಾಗಿ ತರಿಸಿ ಇಟ್ಟಳು, ಮಂಚದ ಕೆಳಗೆ, ಬಿಳಿ ಬಟ್ಟೆ ಹಾಸಿ, ಜಾರದಂತೆ ಕಟ್ಟಿ. ಮಿಕ್ಕದ್ದನ್ನು ಗುರುಪಾದಸ್ವಾಮಿಯವರ ಕೊಟ್ಟಿಗೆಯಿಂದ ನಾನೇ ಇನ್ನೊಂದು ದಿನ ಒಯ್ಯುವುದೆಂದಾಯಿತು. ಕೊಳ್ಳೇಗಾಲದ ತೂಕದ ಕಟ್ಟೆಯ ಮೇಲೆ ಪಿಕಪ್ಪಿನ ಹಿಂದಿನ ಚಕ್ರಗಳನ್ನು ಮಾತ್ರ ನಿಲ್ಲಿಸಿ ತೂಗಿಸಿದೆ. ತಗಡಿನಲ್ಲಿ ಬರೆದದ್ದಕ್ಕಿಂತ ಕಡಿಮೆ ಬಂತು. ಇಡೀ ಗಾಡಿಯ ತೂಕವನ್ನೂ ಆರ್‌ಸಿ ಪುಸ್ತಕದ ಜೊತೆ ಹೋಲಿಸಿದೆ. ಟೈರಿನ ಗಾಳಿ ನೋಡಿಸಿದೆ. ಸಂದಿಯನ್ನು ಗೇಣು ಹಾಕಿ ಅಳೆದೆ. ಹಿಂದೆ ಎರಡು ಬೆರಳು ಇಳಿದಿತ್ತು, ಮುಂದೆ ಮೊದಲಿನಂತೆಯೇ ಇತ್ತು.

ಅದೇ ತಿರುವು ಬಂತು. ಮರಳು ಹಾಗೇ ಇತ್ತು.  ನಿಧಾನ ಮಾಡಿ ಸ್ಟೇರಿಂಗ್ ತಿರುಗಿಸಿದೆ. ಗಾಡಿ ಹೇಳಿದ ಮಾತು ಕೇಳಿತು. ಏರು ಹತ್ತಿದೆವು. ಕನ್ನಡಿಯಲ್ಲಿ ನೋಡಿದರೆ ಅತ್ತೆ ಕಣ್ಣು ಮುಚ್ಚಿಕೊಂಡು ಮೂಗಿನಿಂದ ಜೋರಾಗಿ ಉಸಿರು ಎಳೆದುಕೊಳ್ಳುತ್ತಿದ್ದರು. ಕಾಡಿನ ವಾಸನೆ.

ಪೋಡಿನವರು ಬೆಳ್ಳಯ್ಯನನ್ನು ಮಂಚ ಸಮೇತ ಹೊತ್ತು ತಂದು ದಾರಿಯಲ್ಲೇ ಕೂರಿಸಿದ್ದರು. ಮೊದಲ ಸಲ ಹೊರಟ ದಿನದಿಂದ ಮೂರು ದಿನವೂ ಹೀಗೇ ತಂದು ಕೂರಿಸಿ, ಕತ್ತಲಾದ ಮೇಲೆ ಒಳಗೆ ಹೊತ್ತೊಯ್ಯುತ್ತಿದ್ದರಂತೆ. ಅತ್ತೆಯನ್ನು ಎತ್ತಿ ಅವನ ಪಕ್ಕದಲ್ಲಿ ಕೂರಿಸಿದೆವು. ಅವನು ತಂಗಿಯ ಎಡಗೈ ಹಿಡಿದುಕೊಂಡ. ಅತ್ತೆ ಅವನ ಮುಖ ನೋಡಿ ಹೇಳಿದರು,

‘ಆ ಕೈ ಸತ್ತೋಗದೆ ಅಣ್ಣ. ಗೊತ್ತಾಗಕಿಲ್ಲ. ಈ ಕೈ ಇಡ್ಕೋ.’

ಬೆಳ್ಳಯ್ಯ ಮಂಚದ ಮೇಲೆ ಒದ್ದಾಡಿ ಈ ಕಡೆಗೆ ಸರಿದು ಬಲಗೈ ಹಿಡಿದ. ಅತ್ತೆ ಆ ಕೈಯನ್ನು ಕೆನ್ನೆಗೆ ಒತ್ತಿಕೊಂಡರು. ಸುತ್ತ ನಿಂತವರು ಯಾರೂ ಏನು ತಂದಿರಿ ಎಂದು ಕೇಳಲಿಲ್ಲ.

ಒಂದು ತಿಂಗಳೆಂದು ಬಿಟ್ಟು ಬಂದೆ. ತಿಂಗಳಾದ ಮೇಲೆ ಹೋದರೆ, ‘ಇನ್ನೊಂದ್ ತಿಂಗ್ಳು ಅಳಿಯಾ’ ಎಂದರು. ಈಗ ನಾಲ್ಕು ತಿಂಗಳಾಗಿದೆ. ಪುಷ್ಪ ಅಲ್ಲಿಗೂ ಇಲ್ಲಿಗೂ ಓಡಾಡುತ್ತಾಳೆ. ಕಾಮಗೆರೆಯ ಮನೆಯಲ್ಲಿ ಬೆಳಿಗ್ಗೆ ಎದ್ದರೆ ನನಗೆ ಮಂಚ ತಿರುಗಿಸುವ ಕೆಲಸವಿಲ್ಲ. ಅಭ್ಯಾಸಬಲದಿಂದ ಬಾಗಿಲಲ್ಲಿ ನಿಂತು ಬೆಟ್ಟದ ಕಡೆ ನೋಡುತ್ತೇನೆ. ಹಾಳು ಮನಸ್ಸು, ಅತ್ತೆ ಇಲ್ಲೇ ಇದ್ದಿದ್ದರೆ ಅನ್ನಿಸುತ್ತದೆ. ಅವರು ಅಲ್ಲಿ ಸುಖವಾಗಿದ್ದಾರೆ ಎಂದು ಗೊತ್ತು. ಆದರೂ ಅನ್ನಿಸುತ್ತದೆ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಪಿಕಪ್ ಇರಬಹುದು. ಟ್ರೈಲರ್ ಎಳೆಯಬಹುದು, ಟೊಮೆಟೊ ತುಂಬಬಹುದು. ಹೊರಡುವ ಮೊದಲು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಖಾಲಿ ಇದ್ದಾಗಲೂ ತುಂಬಿದ ಮೇಲೂ ಚಕ್ರದ ಮೇಲಿನ ಸಂದಿಯನ್ನು ಕೈಯಲ್ಲಿ ಅಳೆಯಿರಿ. ಹಿಂದೆ ಕುಸಿದು ಮುಂದೆ ಎದ್ದಿದ್ದರೆ ಸ್ಟೇರಿಂಗ್ ನಿಮ್ಮ ಕೈಯಲ್ಲಿಲ್ಲ ಎಂದೇ ತಿಳಿಯಿರಿ. ಪಟ್ಟಾ ಏರಿಸಿ ಗಾಡಿಯನ್ನು ಎತ್ತರ ಮಾಡಿಕೊಂಡು ನಿಮಗೆ ನೀವೇ ಮೋಸ ಮಾಡಿಕೊಳ್ಳಬೇಡಿ. ಕೊಂಡಿಯ ಜಾಗವನ್ನು ತಿಳಿದವರ ಹತ್ತಿರ ತೋರಿಸಿ. ತೂಕದ ಸಾಮಾನನ್ನು ಕೆಳಗೆ ಇಡಿ, ತೂಗಿಸಿ ನೋಡಿ, ಎಳೆಯುವ ಗಾಡಿಯಲ್ಲಿ ಜನರನ್ನು ಕೂರಿಸಬೇಡಿ. ಜಾಸ್ತಿಯಾದದ್ದನ್ನು ಇಳಿಸಿ ಮನೆಯಲ್ಲೇ ಬಿಡಿ, ಅದು ನಾಳೆ ಬರುತ್ತದೆ.

ನೀವು ಹೋಗುವ ಕಡೆ ಯಾರೋ ಬೆಳಿಗ್ಗೆಯಿಂದ ದಾರಿಯಲ್ಲಿ ಕೂತಿರುತ್ತಾರೆ. ಅವರು ಮೂಟೆ ಎಣಿಸಲು ಕೂತಿರುವುದಿಲ್ಲ. ನೀವು ತಲುಪಿ.